ಫ್ಯಾಮಿಲಿ ಕೋರ್ಟಿನ ಮೀಡಿಯೇಷನ್: ಬಸ್ ಚಾರ್ಜ್‌ವರೆಗೂ ಬರೆಸಿಕೊಳ್ಳಿ

ಮಿಕ್ಸಿಗೆ, ಮೊಬೈಲ್‌ಗೆ, ಬಿರಿಯಾನಿಗೆ ಎಲ್ಲದಕ್ಕೂ ರಿವ್ಯೂ ಇದೆ. ಫ್ಯಾಮಿಲಿ ಕೋರ್ಟಿಂದ ಮೀಡಿಯೇಷನ್‌ಗೆ (ಮೂರನೆಯವರೊಬ್ಬರ ಎದುರು ಕೂತು ಮಾತಾಡಿ ರಾಜಿಗೆ ಬರೋದಕ್ಕೆ) ಕಳಿಸುತ್ತಾರಲ್ಲ, ಅದರ ಬಗ್ಗೆ ಯಾರೂ ಬರೆದಿದ್ದು ನಾನು ನೋಡಿಲ್ಲ. ಹೋಗಿ ಬಂದವರಿಗೆ ಹೇಳಿಕೊಳ್ಳೋಕೆ ಮುಜುಗರ ಇರಬಹುದು. ನನಗೂ ಇತ್ತು.

ನಾನು ಬೆಂಗಳೂರಲ್ಲಿ, ಮಗಳು ಅವಳ ಅಮ್ಮನ ಜೊತೆ ಶಿವಮೊಗ್ಗದಲ್ಲಿ. ನಡುವೆ ಸುಮಾರು 300 ಕಿಲೋಮೀಟರ್. ಕೋರ್ಟಿನ ಮಧ್ಯಂತರ ಆದೇಶದಲ್ಲಿ (ಕೇಸ್ ಮುಗಿಯುವವರೆಗಿನ ಆದೇಶ) ತಿಂಗಳಿಗೆ 12,000 ಜೀವನಾಂಶ ಅಂತ ಇತ್ತು, ಎರಡು ಶನಿವಾರ ಮಗಳನ್ನು ನೋಡಬಹುದು ಅಂತಲೂ ಇತ್ತು. ಹೋಗಿ ಬರುವ ಖರ್ಚು ಯಾರದ್ದು ಅನ್ನೋದಕ್ಕೆ ಒಂದು ಸಾಲೂ ಇಲ್ಲ. ಸ್ಲೀಪರ್ ಬಸ್, ಆಟೊ, ಲಾಡ್ಜಲ್ಲಿ ಒಂದು ರೂಮು (ಎಂಟು ವರ್ಷದ ಮಗುವನ್ನು ಇಡೀ ದಿನ ಪಾರ್ಕಲ್ಲಿ ಕೂರಿಸೋಕಾಗಲ್ಲ ಅಲ್ವಾ), ಊಟ, ಅವಳಿಗೊಂದು ಐಸ್‌ಕ್ರೀಮು, ಎಲ್ಲ ಸೇರಿ ಒಂದು ಸಲಕ್ಕೆ 3,500 ದಾಟುತ್ತಿತ್ತು.

ಆಗಿನ ನನ್ನ ಲಾಯರ್, "ಓಡಾಟದ್ದು ಜೀವನಾಂಶದಲ್ಲೇ ಹಿಡ್ಕೊಳ್ಳಿ ಸಾರ್, ಏನೂ ಆಗಲ್ಲ" ಅಂದರು. ಹಿಡಿದುಕೊಂಡೆ. ಎರಡೇ ತಿಂಗಳಿಗೆ ಬಾಕಿ ವಸೂಲಿ ಅರ್ಜಿ ಬಂತು. ದಯವಿಟ್ಟು ಇದೊಂದು ಮಾಡಬೇಡಿ. ಆದೇಶದಲ್ಲಿರುವ ದುಡ್ಡನ್ನು ನಾವೇ ಕಡಿಮೆ ಮಾಡುವ ಹಾಗಿಲ್ಲ. ಜೀವನಾಂಶದ ಕಾನೂನು, ಅಂದರೆ ಹಳೆಯ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) ಸೆಕ್ಷನ್ 125 ಆಗಲಿ, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಸೆಕ್ಷನ್ 144 ಆಗಲಿ, ಕಾರಣ ಇಲ್ಲದೆ ಬಾಕಿ ಉಳಿಸಿಕೊಂಡರೆ ವಾರಂಟ್ ಹೊರಡಿಸಿ ವಸೂಲಿ ಮಾಡಬಹುದು, ಆಮೇಲೂ ಕಟ್ಟದಿದ್ದರೆ ಒಂದೊಂದು ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲಿಗೂ ಹಾಕಬಹುದು. ಓಡಾಟದ ಖರ್ಚು ಬೇಕಿದ್ದರೆ ಕೋರ್ಟನ್ನೇ ಕೇಳಬೇಕು, ಇಲ್ಲ ಇಬ್ಬರೂ ಒಪ್ಪಿ ಬರೆದುಕೊಳ್ಳಬೇಕು.

ನಮ್ಮದು ಎರಡನೆಯದು. ಮೀಡಿಯೇಷನ್‌ಗೆ ನಾವು ಫೀಸು ಕಟ್ಟಲಿಲ್ಲ. ಕಟಕಟೆ ಇಲ್ಲ, ಕರಿಕೋಟು ಇಲ್ಲ, ಒಂದು ಮೇಜು, ನಾಲ್ಕು ಕುರ್ಚಿ. ಅಲ್ಲಿ ಆಡಿದ ಮಾತನ್ನು ಆಮೇಲೆ ಕೋರ್ಟಲ್ಲಿ ಎತ್ತುವ ಹಾಗಿಲ್ಲ, ಅದೇ ದೊಡ್ಡ ಸಮಾಧಾನ. ಮೊದಲೆರಡು ಸಲ ನಾವಿಬ್ಬರೂ ಮದುವೆ ಮನೆಯಿಂದ ಶುರು ಮಾಡಿ ಹಳೇ ಜಗಳವನ್ನೇ ಆಡಿದೆವು. ಮೀಡಿಯೇಟರ್ ಮೇಡಂ (ಅವರೂ ವಕೀಲರೇ) ಸುಮ್ನೆ ಕೇಳಿಸಿಕೊಂಡರು. ಮೂರನೇ ಸಲ ಗೋಡೆಯಲ್ಲಿದ್ದ ಕ್ಯಾಲೆಂಡರ್ ಕಿತ್ತು ಮೇಜಿನ ಮೇಲೆ ಹಾಸಿ, ನಮ್ಮ ಕೈಗೆ ಪೆನ್ನು ಕೊಟ್ಟು, "ಮಗು ಎಲ್ಲಿ ಬಸ್ ಹತ್ತುತ್ತಾಳೆ, ಎಲ್ಲಿ ಇಳೀತಾಳೆ, ಟಿಕೆಟ್ ಯಾರು ತಗೋತೀರಿ, ಹೇಳಿ" ಅಂದರು. ಇಬ್ಬರ ಹತ್ತಿರವೂ ಉತ್ತರ ಇರಲಿಲ್ಲ. ಎರಡು ವರ್ಷ ಕೇಸ್ ನಡೆಸಿದ್ದೇವೆ, ಆದರೆ ಈ ಪ್ರಶ್ನೆ ನಮ್ಮನ್ನು ಯಾರೂ ಕೇಳಿರಲಿಲ್ಲ.

ಸಂಬಳದ ವಿಷಯ ಬೇಗ ಮುಗಿಯಿತು. ಆಸ್ತಿ-ಸಾಲದ ಅಫಿಡವಿಟ್ ಇಬ್ಬರೂ ಕೊಟ್ಟಾಗಿತ್ತು. ಸುಪ್ರೀಂ ಕೋರ್ಟಿನ 2020ರ ರಜನೀಶ್-ನೇಹಾ ತೀರ್ಪಿನ ಪ್ರಕಾರ ಜೀವನಾಂಶದ ಕೇಸಲ್ಲಿ ಅದನ್ನು ಕೊಡಲೇಬೇಕು.

ಕೊನೆಗೆ ಬರೆದುಕೊಂಡಿದ್ದು ಇಷ್ಟು. ಜೀವನಾಂಶ 12,000, ಅದನ್ನು ಯಾವ ಕಾರಣಕ್ಕೂ ಮುಟ್ಟೋ ಹಾಗಿಲ್ಲ. ಒಂದು ಶನಿವಾರ ನಾನೇ ಶಿವಮೊಗ್ಗಕ್ಕೆ ಹೋಗೋದು, ಮಗಳ ಅಮ್ಮನಿಗೂ ಕೆಲಸ ಇರುವುದರಿಂದ ಬಸ್ ಚಾರ್ಜಲ್ಲಿ ಅರ್ಧ, ಅಂದರೆ 800, ಅವರು ಕೊಡೋದು. ಇನ್ನೊಂದು ಶನಿವಾರ ಅವರು ಮಗಳನ್ನು ಅರಸೀಕೆರೆವರೆಗೆ ಕರೆತರೋದು, ಅಲ್ಲಿಂದ ನಾನು ಬೆಂಗಳೂರಿಗೆ ಕರೆದುಕೊಂಡು ಹೋಗೋದು, ಭಾನುವಾರ ಅಲ್ಲಿಗೇ ತಂದು ಬಿಡೋದು. ಅರಸೀಕೆರೆ ಐಡಿಯಾ ಮೇಡಂದು. ಅದು ಹೆಚ್ಚುಕಡಿಮೆ ಅರ್ಧ ದಾರಿ, ಜೊತೆಗೆ ಎಕ್ಸ್‌ಪ್ರೆಸ್ ಬಸ್ಸಲ್ಲಿ ತಾಯಿ-ಮಗಳಿಗೆ ಶಕ್ತಿ ಯೋಜನೆಯ ಸೊನ್ನೆ ಟಿಕೆಟ್. ಲಾಡ್ಜ್ ಖರ್ಚೂ ಒಂದು ಸಲದ್ದು ಉಳಿಯಿತು.

ಎಡವಿದ್ದು ಎಲ್ಲಿ ಅಂದರೆ ಆ 800ರಲ್ಲಿ. 2025ರ ಜನವರಿಯಲ್ಲಿ ಸಾರಿಗೆ ಬಸ್ ದರ ಶೇ. 15 ಏರಿತು. ಅರ್ಧ ಅಂದರೆ ಈಗ 920 ಅಂತ ನಾನು, ಕಾಗದದಲ್ಲಿ 800 ಇದೆ ಅಂತ ಅವರು. ನೂರಿಪ್ಪತ್ತು ರೂಪಾಯಿಗೆ ಒಂದು ವಾರ ಮೆಸೇಜ್‌ಗೆ ಉತ್ತರ ಕೊಡದೆ ಕೂತಿದ್ದೆವು, ಈಗ ನೆನೆಸಿಕೊಂಡರೆ ನಾಚಿಕೆ ಆಗುತ್ತದೆ. ಇದು ಮೇಡಂ ತಪ್ಪಲ್ಲ, ರೌಂಡ್ ಫಿಗರ್ ಬೇಕು ಅಂತ ಹಟ ಹಿಡಿದವನು ನಾನೇ. ನೀವು ಹೋದರೆ ರೂಪಾಯಿ ಬರೆಸಬೇಡಿ, "ಆ ದಿನದ ಟಿಕೆಟ್ ದರದಲ್ಲಿ ಅರ್ಧ" ಅಂತ ಬರೆಸಿ. ಬಸ್ ಕೆಟ್ಟು ತಡವಾದರೆ, ಮಗುವಿಗೆ ಜ್ವರ ಬಂದರೆ ಆ ಭೇಟಿ ಯಾವತ್ತಿಗೆ ಅನ್ನೋದನ್ನೂ ಸೇರಿಸಿ.

ಎದುರಿನವರು ಮಾತಿಗೇ ಕೂರಲ್ಲ ಅಂದರೆ ಮೀಡಿಯೇಷನ್ ಉಪಯೋಗಕ್ಕೆ ಬರಲ್ಲ, ಯಾರನ್ನೂ ಬಲವಂತ ಮಾಡೋ ಅಧಿಕಾರ ಮೀಡಿಯೇಟರ್‌ಗೆ ಇಲ್ಲ. ಹೊಡೆತ-ಬಡಿತ ಇದ್ದ ಮನೆಯವರು ಒಂದೇ ಮೇಜಿಗೆ ಕೂರುವ ಮೊದಲು ಹತ್ತು ಸಲ ಯೋಚಿಸಿ. ನಮಗಂತೂ ಕೆಲಸಕ್ಕೆ ಬಂತು.

ಈಗ ಟಿಕೆಟ್ ಫೋಟೊ ವಾಟ್ಸಾಪಲ್ಲಿ ಹಾಕಿದರೆ ಅರ್ಧ ದುಡ್ಡು ಬರುತ್ತದೆ. ಫೋಟೊ ತೆಗೆಯೋದು ಮಗಳ ಕೆಲಸ. ಹೋದ ಸಲ ಅರಸೀಕೆರೆ ಸ್ಟ್ಯಾಂಡಲ್ಲಿ ತನ್ನ ಟಿಕೆಟನ್ನು ನನ್ನ ಟಿಕೆಟ್ ಪಕ್ಕ ಇಟ್ಟು, "ಅಪ್ಪ, ನಂದು ಸೊನ್ನೆ, ನಿಂಗ್ಯಾಕೆ ಇಷ್ಟು ಹಾಕಿದ್ದಾರೆ?" ಅಂತ ಕಂಡಕ್ಟರನ್ನು ಹುಡುಕಿಕೊಂಡು ಹೊರಟಿದ್ದಳು.