ನೈಟ್ರೋ: ಎಲ್ಲಿಂದ ಎಲ್ಲಿಯವರೆಗೆ ನೋಡಬಹುದು

ಗೆಲುವು ಸೋಲುಗಳನ್ನು ಮೊದಲೇ ಕಥೆಯಾಗಿ ಬರೆದಿಟ್ಟು ಆಡಿಸುವ ಅಮೆರಿಕದ ಡಬ್ಲ್ಯುಸಿಡಬ್ಲ್ಯು ಕುಸ್ತಿ ಕಂಪನಿಯ ಸೋಮವಾರದ ಟಿವಿ ಕಾರ್ಯಕ್ರಮ 'ಮಂಡೇ ನೈಟ್ರೋ' 1995ರ ಸೆಪ್ಟೆಂಬರ್ 4ರಂದು ಶುರುವಾಗಿ 2001ರ ಮಾರ್ಚ್ 26ಕ್ಕೆ ಮುಗಿಯಿತು. ಈ ಐದೂವರೆ ವರ್ಷದ ಸರಕನ್ನು ಪೂರ್ತಿ ನೋಡುತ್ತೇವೆ ಎಂದು ಹೊರಟವರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು: 1996ರ ಬೇಸಿಗೆಯಿಂದ 1998ರ ಜುಲೈವರೆಗೆ ಧಾರಾಳವಾಗಿ ನೋಡಿ, 1999ರದ್ದನ್ನು ಆರಿಸಿ ನೋಡಿ, 2000ದ್ದನ್ನು ಬಿಟ್ಟರೂ ನಷ್ಟವಿಲ್ಲ.

1996ರ ಜುಲೈ 7ರಂದು ಕಥೆಯ ನಾಯಕನಾಗಿದ್ದ ಪೈಲ್ವಾನ ಹಲ್ಕ್ ಹೋಗನ್ ಖಳನಾಗಿ ತಿರುಗಿ ಖಳರಾದ ಸ್ಕಾಟ್ ಹಾಲ್, ಕೆವಿನ್ ನ್ಯಾಶ್ ಜೊತೆ ಸೇರಿದ. ಆ ಜೂನ್‌ನಿಂದಲೇ ಎದುರಾಳಿ ಕಂಪನಿ ಡಬ್ಲ್ಯುಡಬ್ಲ್ಯುಎಫ್‌ನ ಸೋಮವಾರದ ಕಾರ್ಯಕ್ರಮ 'ರಾ' ಸತತ 83 ವಾರ ರೇಟಿಂಗ್‌ನಲ್ಲಿ ಹಿಂದೆ ಬಿತ್ತು. ಎಲ್ಲರೂ ಇದರ ಪುಣ್ಯವನ್ನು ಹೋಗನ್ ಗ್ಯಾಂಗಿಗೇ ಬರೆಯುತ್ತಾರೆ. ಆದರೆ ನೈಟ್ರೋದ ಮೊದಲ ಗಂಟೆಯನ್ನು ಹೊತ್ತು ನಿಂತವರು ಸಣ್ಣ ಮೈಕಟ್ಟಿನ ಕ್ರೂಸರ್‌ವೇಟ್ ಪೈಲ್ವಾನರು. 1997ರ ಅಕ್ಟೋಬರ್‌ನ ವಿಶೇಷ ಪ್ರದರ್ಶನ 'ಹ್ಯಾಲೋವೀನ್ ಹ್ಯಾವಕ್'ನಲ್ಲಿ ರೇ ಮಿಸ್ಟೀರಿಯೊ–ಎಡ್ಡಿ ಗೆರೆರೊ ಪಂದ್ಯ ನೋಡಿದರೆ ಸಾಕು, ಮಿಕ್ಕದ್ದನ್ನು ವಿವರಿಸಬೇಕಿಲ್ಲ. ಅದೇ ಮಿಸ್ಟೀರಿಯೊನ ಮುಖವಾಡವನ್ನು 1999ರ ಫೆಬ್ರವರಿಯಲ್ಲಿ ಬಿಚ್ಚಿಸಿದರು. ಮೆಕ್ಸಿಕನ್ ಕುಸ್ತಿಯಲ್ಲಿ ಮುಖವಾಡವೆಂದರೆ ಪೈಲ್ವಾನನ ಮಾನ, ಮಾರುಕಟ್ಟೆ ಎರಡೂ.

ಕಾಯಿಲೆಯ ಮೊದಲ ಲಕ್ಷಣ ಗೆಲುವಿನ ದಿನಗಳಲ್ಲೇ ಕಾಣುತ್ತದೆ. ಒಂದು ವರ್ಷಕ್ಕೂ ಹೆಚ್ಚು ಕಾಲ ನಾಯಕ ಸ್ಟಿಂಗ್‌ನನ್ನು ಮಾತಿಲ್ಲದೆ ಕ್ರೀಡಾಂಗಣದ ಛಾವಣಿಯಲ್ಲಿ ನಿಲ್ಲಿಸಿ, 1997ರ ಡಿಸೆಂಬರ್ 28ರ ವಿಶೇಷ ಪ್ರದರ್ಶನ 'ಸ್ಟಾರ್‌ಕೇಡ್'ನಲ್ಲಿ ಹೋಗನ್ ಎದುರು ಇಳಿಸಿದರು. ಮೂರು ಎಣಿಸುವವರೆಗೆ ಬೆನ್ನು ನೆಲಕ್ಕಿದ್ದವನು ಸೋತಂತೆ; ರೆಫರಿ ಬೇಕೆಂದೇ ಬೇಗ ಬೇಗ ಎಣಿಸಿ ಸ್ಟಿಂಗ್‌ಗೆ ಮೋಸ ಮಾಡಬೇಕು, ಇನ್ನೊಬ್ಬ ಪೈಲ್ವಾನ ಬ್ರೆಟ್ ಹಾರ್ಟ್ ಬಂದು ಅದನ್ನು ಸರಿಪಡಿಸಬೇಕು ಎಂಬುದು ಕಥೆ. ಆದರೆ ರೆಫರಿ ಎಂದಿನ ವೇಗದಲ್ಲೇ ಮೂರು ಎಣಿಸಿದ. ನೋಡಿದವರಿಗೆ ಕಂಡದ್ದು ಸ್ಟಿಂಗ್ ನ್ಯಾಯವಾಗಿ ಸೋತದ್ದು! ಕಂಪನಿ ನಾಟಕದಲ್ಲಿ ಭೀಮ ದುರ್ಯೋಧನನ ತೊಡೆ ಮುರಿಯುವುದನ್ನು ನೋಡಲೆಂದೇ ಜನ ಟಿಕೆಟ್ ತೆಗೆದುಕೊಂಡಿರುತ್ತಾರೆ. ಆ ಹೊತ್ತಿಗೆ ಸರಿಯಾಗಿ ಪರದೆ ಎಳೆದರೆ ಮರುದಿನ ಟೆಂಟು ಖಾಲಿ.

1998ರ ಜುಲೈ 6ರಂದು ಪೈಲ್ವಾನ ಗೋಲ್ಡ್‌ಬರ್ಗ್ ಅಟ್ಲಾಂಟಾದ ಜಾರ್ಜಿಯಾ ಡೋಮ್‌ನಲ್ಲಿ ಹೋಗನ್‌ನನ್ನು ಸೋಲಿಸಿದ್ದು ಅದ್ಭುತ ರಾತ್ರಿ, ಪೆದ್ದು ವ್ಯಾಪಾರ. ತಿಂಗಳುಗಟ್ಟಲೆ ಕಾಯಿಸಿ ಪೇ-ಪರ್-ವ್ಯೂನಲ್ಲಿ, ಎಂದರೆ ದುಡ್ಡು ಕೊಟ್ಟವರಿಗಷ್ಟೇ ಕಾಣುವ ಪ್ರಸಾರದಲ್ಲಿ, ಮಾರಬೇಕಾದ ಪಂದ್ಯವನ್ನು ಒಂದು ಸೋಮವಾರದ ರೇಟಿಂಗ್‌ಗಾಗಿ ಪುಕ್ಕಟೆ ಕೊಟ್ಟರು. ಇದಕ್ಕೆ ಕಾರಣವೂ ಇತ್ತು. ಆ ವರ್ಷದ ಜನವರಿಯಲ್ಲೇ ನೈಟ್ರೋ ಮೂರು ಗಂಟೆಗೆ ಬೆಳೆದಿತ್ತು, ಗುರುವಾರಕ್ಕೆ ಎರಡು ಗಂಟೆಯ 'ಥಂಡರ್' ಬೇರೆ. ವಾರಕ್ಕೆ ಐದು ಗಂಟೆ ತುಂಬಿಸಲು ಹೊರಟರೆ ಬಿತ್ತನೆ ಬೀಜವನ್ನೇ ಬೇಯಿಸಬೇಕಾಗುತ್ತದೆ.

1999ರ ಜನವರಿ 4 ಮತ್ತದೇ ಡೋಮ್. ಚಾಂಪಿಯನ್ ನ್ಯಾಶ್‌ನ ಎದೆಗೆ ಹೋಗನ್ ಬೆರಳಿನಿಂದ ಚುಚ್ಚಿದ, ನ್ಯಾಶ್ ಅಂಗಾತ ಬಿದ್ದ, ಬೆಲ್ಟ್ ಕೈ ಬದಲಾಯಿತು. ಅದೇ ರಾತ್ರಿ ಎದುರು ಚಾನೆಲ್‌ನ 'ರಾ'ದಲ್ಲಿ ಪೈಲ್ವಾನ ಮಿಕ್ ಫೋಲಿ ಚಾಂಪಿಯನ್ ಆಗುತ್ತಾನೆಂದು ನೈಟ್ರೋ ವೀಕ್ಷಕ ವಿವರಣೆಗಾರರೇ ವ್ಯಂಗ್ಯವಾಗಿ ಹೇಳಿಬಿಟ್ಟರು. ಲಕ್ಷಾಂತರ ಜನ ಕೂಡಲೇ ಚಾನೆಲ್ ಬದಲಿಸಿ ಅದನ್ನೇ ನೋಡಿದರು.

ತಿದ್ದಿಕೊಳ್ಳಲು ದಾರಿಯೂ ಕಡಿಮೆಯಿತ್ತು. ಆಡಲಿ ಬಿಡಲಿ ಸಂಬಳ ಖಾತರಿ ಎಂಬ ಕರಾರುಗಳು ದೊಡ್ಡ ಹೆಸರುಗಳಿಗಿದ್ದವು. ಹೋಗನ್‌ಗಂತೂ ತನ್ನ ಪಂದ್ಯದ ಫಲಿತಾಂಶದಲ್ಲೇ ಹಕ್ಕಿನ ಮಾತು. ಕೆಳಗಿನವರು ಮೇಲೇರುವುದು ಹೇಗೆ? 2000ದ ಜನವರಿಯಲ್ಲಿ ಬೆನ್ವಾ, ಗೆರೆರೊ, ಮಲೆಂಕೊ, ಸ್ಯಾಟರ್ನ್ ಎಂಬ ನಾಲ್ವರು ಪೈಲ್ವಾನರೂ ಒಟ್ಟಿಗೆ ಹೊರನಡೆದು, ತಿಂಗಳು ಮುಗಿಯುವುದರೊಳಗೆ 'ರಾ'ದಲ್ಲಿ ಕೂತಿದ್ದರು. ಬ್ರೆಟ್ ಹಾರ್ಟ್‌ಗೆ ಅದರ ಹಿಂದಿನ ತಿಂಗಳು ಗೋಲ್ಡ್‌ಬರ್ಗ್‌ನ ಒದೆತದಿಂದ ತಲೆಗೆ ಪೆಟ್ಟಾಗಿ ವೃತ್ತಿಯೇ ಮುಗಿಯಿತು. ಆಮೇಲಿನದು ಬರೀ ಗದ್ದಲ: ಏಪ್ರಿಲ್‌ನಲ್ಲಿ ಸಿನಿಮಾ ನಟ ಡೇವಿಡ್ ಆರ್ಕೆಟ್ ಚಾಂಪಿಯನ್, ಸೆಪ್ಟೆಂಬರ್‌ನಲ್ಲಿ ಕಥೆ ಬರೆಯುತ್ತಿದ್ದ ವಿನ್ಸ್ ರೂಸೊನೇ ಚಾಂಪಿಯನ್. ಆ ವರ್ಷದ ನಷ್ಟ ಸುಮಾರು 6 ಕೋಟಿ 20 ಲಕ್ಷ ಡಾಲರ್ ಎನ್ನುತ್ತಾರೆ. 2001ರ ಮಾರ್ಚ್‌ನಲ್ಲಿ ನೈಟ್ರೋ ತೋರಿಸುತ್ತಿದ್ದ ಟರ್ನರ್ ಚಾನೆಲ್‌ಗಳು ಕುಸ್ತಿಯ ಪ್ರಸಾರವನ್ನೇ ನಿಲ್ಲಿಸಿದಾಗ ಕೊಳ್ಳಲು ಬಂದಿದ್ದ ಬೇರೆ ಕಂಪನಿ ಹಿಂದೆ ಸರಿಯಿತು. ಟಿವಿ ಸಮಯವಿಲ್ಲದ ಕುಸ್ತಿ ಕಂಪನಿಯಲ್ಲಿ ಉಳಿಯುವುದು ಹೆಸರು ಮತ್ತು ಹಳೆಯ ಟೇಪು; ಅವನ್ನು ಡಬ್ಲ್ಯುಡಬ್ಲ್ಯುಎಫ್ ಅಗ್ಗಕ್ಕೆ ಎತ್ತಿಕೊಂಡಿತು.

ಕೊನೆಯ ಕಂತನ್ನು ಮಾತ್ರ ಬಿಡಬೇಡಿ. ಮೊದಲ ನೈಟ್ರೋದಲ್ಲಿ ಸೆಣಸಿದ ರಿಕ್ ಫ್ಲೇರ್–ಸ್ಟಿಂಗ್ ಜೋಡಿಯೇ ಕೊನೆಯ ಪಂದ್ಯಕ್ಕೂ ಇಳಿಯುತ್ತದೆ, ಫ್ಲೇರ್ ಟೀ ಶರ್ಟ್ ತೆಗೆಯದೆಯೇ. ಸ್ಟಿಂಗ್‌ನ ಸ್ಕಾರ್ಪಿಯನ್ ಎಂಬ ಕುಸ್ತಿಪಟ್ಟಿಗೆ ಸಿಕ್ಕಿ ಫ್ಲೇರ್ ಸೋಲೊಪ್ಪುತ್ತಾನೆ, ಆಮೇಲೆ ಇಬ್ಬರೂ ಅಪ್ಪಿಕೊಳ್ಳುತ್ತಾರೆ.