ಮಸ್ಕಿಟೊ ಲಗೂನ್‌ನಲ್ಲಿ ಅಪ್ಪಯ್ಯನ ಜೊತೆ ಅರ್ಧ ದಿನದ ಗಾಳ: ದುಡ್ಡಿಗೆ ಮೋಸ ಇಲ್ಲ, ಟಾಯ್ಲೆಟ್ಟೂ ಇಲ್ಲ

ಮೊದಲೇ ಹೇಳಿಬಿಡುತ್ತೇನೆ. ಐಸ್ ಬಾಕ್ಸ್ ತುಂಬ ಮೀನು ತರಬೇಕು ಅಂತ ಆಸೆ ಇದ್ದರೆ ಈ ಟ್ರಿಪ್ ನಿಮಗಲ್ಲ. ದೋಣಿ, ಅದನ್ನು ನಡೆಸುವ ಕ್ಯಾಪ್ಟನ್ ಸೇರಿ ನಾಲ್ಕು ಗಂಟೆಗೆ 450 ಡಾಲರ್ ಕೊಟ್ಟು ನಾವು ಮನೆಗೆ ತಂದದ್ದು ಎರಡೇ ಮೀನು. ಆದರೂ ಮುಂದಿನ ತಿಂಗಳಿಗೆ ಇನ್ನೊಮ್ಮೆ ಬುಕ್ ಮಾಡಿದ್ದೇನೆ.

ನಾನಿರುವುದು ಫ್ಲೋರಿಡಾದ ಆರ್ಲ್ಯಾಂಡೊದಲ್ಲಿ. ಊರು ಗಂಗೊಳ್ಳಿ. ಅಪ್ಪಯ್ಯ ಮಾರ್ಚ್‌ನಲ್ಲಿ ಬಂದರು. ಡಿಸ್ನಿ ಒಂದೇ ದಿನಕ್ಕೆ ಸಾಕಾಯಿತು ಅವರಿಗೆ. ಪಂಚಗಂಗಾವಳಿಯಲ್ಲಿ ಹುಡುಗನಾಗಿದ್ದಾಗಿನಿಂದ ಬೀಸು ಬಲೆ ಹಾಕಿದವರು. ನಮ್ಮ ಅಪಾರ್ಟ್‌ಮೆಂಟಿನ ಕೆರೆಯ ಎದುರು ನಿಂತು ದಿನಾ ಒಂದೇ ಪ್ರಶ್ನೆ: "ಇದ್ರಗೆ ಮೀನ್ ಇತ್ತಾ?" ಅದಕ್ಕೇ ಈ ಟ್ರಿಪ್.

ಹೋದ ವರ್ಷ ನಾನೊಬ್ಬನೇ ಬೇರೊಬ್ಬರ ಹತ್ತಿರ ಬುಕ್ ಮಾಡಿ ಕೈ ಸುಟ್ಟುಕೊಂಡಿದ್ದೆ. ಗಾಳಿ ಜೋರಿದೆ ಅಂತ ಟ್ರಿಪ್ ರದ್ದಾಯಿತು, ಅಡ್ವಾನ್ಸ್ ಮಾತ್ರ ವಾಪಸ್ ಬರಲಿಲ್ಲ. ಈ ಕ್ಯಾಪ್ಟನ್ ಹಾಗಲ್ಲ. ಏಪ್ರಿಲ್ ಗಾಳಿಯ ತಿಂಗಳು. ಹಿಂದಿನ ರಾತ್ರಿ ತಾವೇ ಫೋನ್ ಮಾಡಿ, "ನಾಳೆ ಬೇಡ, ನೀರು ಕಲಕಿರುತ್ತೆ, ಮೀನು ಕಾಣಲ್ಲ, ಗುರುವಾರ ಬನ್ನಿ" ಅಂದರು. ಬಿಡಿಗಾಸು ಜಾಸ್ತಿ ಕೇಳಲಿಲ್ಲ. ಅಲ್ಲೇ ನನಗೆ ನಂಬಿಕೆ ಬಂತು.

ಮಸ್ಕಿಟೊ ಲಗೂನ್ ಕೇಪ್ ಕೆನವೆರಲ್‌ನ ಉತ್ತರಕ್ಕಿದೆ. ಇಂಡಿಯನ್ ರಿವರ್ ಲಗೂನ್ ಅನ್ನುವ ಉದ್ದದ ಹಿನ್ನೀರಿನ ಒಂದು ಭಾಗ. ಪೂರ್ವಕ್ಕೆ ಸಪೂರ ಮರಳ ದಿಬ್ಬ, ಅದರಾಚೆ ಅಟ್ಲಾಂಟಿಕ್. ಮರವಂತೆಯಲ್ಲಿ ರಸ್ತೆಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ಇದೆಯಲ್ಲ, ಅದನ್ನೇ ಹತ್ತಾರು ಮೈಲಿ ಎಳೆದ ಹಾಗೆ. ಹಾಲೋವರ್ ಕೆನಾಲ್‌ನಿಂದ ದೋಣಿ ಇಳಿಸಿದೆವು. ಟೈಟಸ್‌ವಿಲ್ ದಾಟಿ ಹೋಗಬೇಕು, ಮನೆಯಿಂದ ಹೆಚ್ಚುಕಮ್ಮಿ ಒಂದು ಗಂಟೆ. ಕೆನಾಲಿನಲ್ಲೇ ಎರಡು ಮ್ಯಾನಟಿ ಕಂಡವು, ನೀರೊಳಗಿನ ಹುಲ್ಲು ಮೇಯುವ ದೊಡ್ಡ ಪ್ರಾಣಿ ಅದು. ಅಪ್ಪಯ್ಯ ಮೊದಲು ಎಮ್ಮೆ ಈಜುತ್ತಿದೆ ಅಂದುಕೊಂಡರು.

ಅಪ್ಪಯ್ಯನ ಮೊದಲ ಪ್ರಶ್ನೆ ಭರತ-ಇಳಿತದ್ದು. ನಾನು ಅನುವಾದ ಮಾಡಿದೆ. ಕ್ಯಾಪ್ಟನ್ ನಕ್ಕರು. ಕಡಲಿನ ಬಾಯಿ ಇಲ್ಲಿಂದ ತುಂಬ ದೂರ, ಹಾಗಾಗಿ ಇಲ್ಲಿ ಭರತ-ಇಳಿತ ಗೊತ್ತೇ ಆಗುವುದಿಲ್ಲ, ನೀರು ಏರುವುದು ಇಳಿಯುವುದು ಗಾಳಿಯ ಮೇಲೆ ಅಂದರು. ಅಪ್ಪಯ್ಯ ನಂಬಲಿಲ್ಲ. ಉಪ್ಪು ನೀರು ಅಂದಮೇಲೆ ಇಳಿತ ಇಲ್ಲದೆ ಇರುತ್ತದಾ ಅಂತ. ದೋಣಿಯ ಅಂಚಿನಲ್ಲಿ ಬೆರಳಿಟ್ಟು ಆಗಾಗ ನೋಡುತ್ತಲೇ ಇದ್ದರು.

ದೋಣಿ 17 ಅಡಿಯದು. ತೀರಾ ಚಪ್ಪಟೆ, ಮೊಣಕಾಲುದ್ದದ ನೀರಿನಲ್ಲೂ ತೇಲುತ್ತದೆ. ಆಳ ಕಡಿಮೆಯಾದ ಕೂಡಲೇ ಎಂಜಿನ್ ಬಂದ್. ಕ್ಯಾಪ್ಟನ್ ಎಂಜಿನ್ ಮೇಲಿನ ಪುಟ್ಟ ಅಟ್ಟ ಹತ್ತಿ ಉದ್ದದ ಗಳ ಊರಿ ತಳ್ಳಲು ಶುರುಮಾಡಿದರು. ಶಬ್ದ ಆದರೆ ಮೀನು ಓಡುತ್ತದೆ, ಅದು ಒಂದು. ಎಂಜಿನ್ನಿನ ಫ್ಯಾನ್ ನೀರಿನ ತಳದ ಹುಲ್ಲನ್ನು ಬುಡ ಸಮೇತ ಕೀಳುತ್ತದೆ, ಅದು ಇನ್ನೊಂದು. ಲಗೂನ್‌ನ ಕೆಲವು ಜಾಗಗಳಲ್ಲಿ ಎಂಜಿನ್ ಹಾಕುವ ಹಾಗೇ ಇಲ್ಲ, ಗಳ ಅಥವಾ ಬ್ಯಾಟರಿ ಮೋಟರ್ ಅಷ್ಟೇ.

ಹುಲ್ಲಿನ ಕಥೆ ಬಂದಾಗ ಕ್ಯಾಪ್ಟನ್ ಮುಖ ಸಪ್ಪಗಾಯಿತು. 2011ರಲ್ಲಿ ಪಾಚಿ ಎದ್ದು ನೀರು ಮಬ್ಬಾಯಿತಂತೆ. ಬಿಸಿಲು ತಳ ಮುಟ್ಟದೆ ಹುಲ್ಲು ಸತ್ತಿತು. ಪಾಚಿ ಮತ್ತೆ ಮತ್ತೆ ಬಂತು. ಸುತ್ತಲಿನ ಊರುಗಳ ಕೊಳಚೆ ನೀರು, ಲಾನಿಗೆ ಹಾಕುವ ಗೊಬ್ಬರ, ಎಲ್ಲ ಹರಿದು ಬರುವುದು ಇಲ್ಲಿಗೇ. 2021ರಲ್ಲಿ ಫ್ಲೋರಿಡಾದಲ್ಲಿ 1,100 ಮ್ಯಾನಟಿ ಸತ್ತವು. ಈ ಲಗೂನ್‌ನಲ್ಲಿ ತುಂಬ ಸತ್ತದ್ದು ಮೇವಿಲ್ಲದೆ. ಆ ಚಳಿಗಾಲದಲ್ಲಿ ಸರ್ಕಾರದವರೇ ಲೆಟ್ಯೂಸ್ ಸೊಪ್ಪು ಹಾಕಿ ಸಾಕಬೇಕಾಯಿತು. ಈಗ ಅಲ್ಲಲ್ಲಿ ಹುಲ್ಲು ಚಿಗುರಿದೆ. ನಮಗೆ ಮೀನು ಸಿಕ್ಕಿದ್ದೆಲ್ಲ ಅಂಥ ತೇಪೆಗಳ ಅಂಚಿನಲ್ಲೇ.

ಮೊದಲು ಎರೆ ಬೇಕಲ್ವಾ? ಕ್ಯಾಪ್ಟನ್ ಸಿಗಡಿ ತಂದಿದ್ದರು, ಬದುಕಿದ್ದವು. ಸಾಲದು ಅಂತ ಬೀಸು ಬಲೆ ಹೊರತೆಗೆದರು. ಅಪ್ಪಯ್ಯನ ಕಣ್ಣು ಅರಳಿದ್ದು ಆಗ. "ನಾನೊಂದ್ಸಲ" ಅಂತ ಕೈ ಚಾಚಿದರು. ಸೀಸ ನಮ್ಮ ಬಲೆಗಿಂತ ಭಾರ ಇರಬೇಕು. ಮೊದಲ ಸಲ ಬಲೆ ಹಿಂಡಿದ ಲುಂಗಿಯ ಹಾಗೆ ಬಿತ್ತು. ನಾನು ಬೇರೆ ಕಡೆ ನೋಡಿದೆ. ಎರಡನೇ ಸಲ ಅಂಚನ್ನು ಹಲ್ಲಿನಲ್ಲಿ ಕಚ್ಚಿ, ಸೊಂಟ ತಿರುಗಿಸಿ ಎಸೆದರು. ದೋಸೆಯ ಹಾಗೆ ಗುಂಡಗೆ ಬಿಚ್ಚಿಕೊಂಡಿತು. ಬೆರಳುದ್ದದ ಮರಿ ಮೀನು ಇಪ್ಪತ್ತರ ಮೇಲೆ ಬಂದವು. ಆಮೇಲೆ ಕ್ಯಾಪ್ಟನ್ ಅಪ್ಪಯ್ಯನನ್ನು ಹೆಸರು ಹಿಡಿದು ಕರೆಯಲಿಲ್ಲ, ಅವರಿಗೂ "ಕ್ಯಾಪ್ಟನ್" ಅಂದರು.

ರೆಡ್‌ಫಿಶ್ ಹಿಡಿಯುವುದು ಬೇಟೆಯ ಥರ. ಮೊದಲು ಕಾಣಬೇಕು, ಆಮೇಲೆ ಎಸೆಯಬೇಕು. ತಾಮ್ರದ ಬಣ್ಣದ ಮೀನು, ಬಾಲದ ಬುಡದಲ್ಲಿ ಕಪ್ಪು ಬೊಟ್ಟು. ತಲೆ ಕೆಳಗೆ ಮಾಡಿ ತಳದಲ್ಲಿ ಏಡಿ ಹುಡುಕುವಾಗ ಬಾಲ ನೀರಿನಿಂದ ಹೊರಗೆ ಅಲ್ಲಾಡುತ್ತದೆ. ಕ್ಯಾಪ್ಟನ್ ಮೇಲಿನಿಂದ "ಹತ್ತು ಗಂಟೆ, ನಲವತ್ತು ಅಡಿ!" ಅಂತ ಪಿಸುಗುಟ್ಟಿದರು. ದೋಣಿಯ ಮೂತಿ ಹನ್ನೆರಡು ಗಂಟೆ ಅಂದುಕೊಂಡು ದಿಕ್ಕು ಹೇಳುವ ಕ್ರಮ ಅದು. ನಾನು ಕನ್ನಡದಲ್ಲಿ ಹೇಳಿದ ಕೂಡಲೇ ಅಪ್ಪಯ್ಯ ವಾಚ್ ನೋಡಿ, "ಎಂಟೂವರಿ ಅಷ್ಟೇ" ಅಂದರು. ಆ ಮೀನು ಹೋಯಿತು.

ಮೂರನೆಯದು ಅಪ್ಪಯ್ಯನಿಗೇ ಸಿಕ್ಕಿತು. ರೀಲ್ ಕಿರ್ರೆಂದು ಬಿಚ್ಚಿತು. ಊರಲ್ಲಿ ಕೈದಾರದಲ್ಲಿ ಎಳೆದು ಅಭ್ಯಾಸ ಇರುವವರಿಗೆ ಈ ಸಪೂರ ರಾಡ್ ಬಾಗುವುದು ನೋಡಿಯೇ ಭಯ. ಐದಾರು ನಿಮಿಷ ಆಟ ಆಡಿಸಿತು. ಅಳತೆ 26 ಇಂಚು. ಕೈಯಲ್ಲಿದ್ದಾಗ ಒಳಗಿನಿಂದ ಗುಡು ಗುಡು ಅಂತ ಸದ್ದು. ಇದರ ಸರಿಯಾದ ಹೆಸರು ರೆಡ್ ಡ್ರಮ್, ಹೆಸರು ಬಂದದ್ದೇ ಆ ಸದ್ದಿನಿಂದ. ಒಂದು ಫೋಟೊ ತೆಗೆದು ಕ್ಯಾಪ್ಟನ್ ಅದನ್ನು ನೀರಿಗೆ ಬಿಟ್ಟರು.

"ಹಿಡ್ದ್ ಮೀನ್ ಬಿಡುಕ್ ಇಷ್ಟ್ ದುಡ್ಡ್ ಕೊಟ್ಟದ್ದಾ ನೀನ್?"

ನಾವು ಹೋದಾಗ ಕಾನೂನು ಹಾಗಿತ್ತು. 2022ರ ಸೆಪ್ಟೆಂಬರ್‌ನಿಂದ ಈ ಲಗೂನ್‌ನಲ್ಲಿ ರೆಡ್‌ಫಿಶ್ ಇಟ್ಟುಕೊಳ್ಳುವ ಹಾಗಿರಲಿಲ್ಲ. ಫ್ಲೋರಿಡಾದ ಬೇರೆ ಕಡೆ 18ರಿಂದ 27 ಇಂಚಿನ ಒಳಗಿದ್ದರೆ ಇಟ್ಟುಕೊಳ್ಳಬಹುದು. "ಹಂಗಾರ್ ಬೇರೆ ಬದಿಗ್ ಹ್ವಾಪ" ಅಂದರು. ಬುಕ್ ಮಾಡುವ ಪೇಜಿನಲ್ಲಿ ಈ ವಿಷಯ ದೊಡ್ಡದಾಗಿ ಬರೆಯಬೇಕಿತ್ತು. ನನಗೆ ಗೊತ್ತಿತ್ತು, ಸರಿ. ಗೊತ್ತಿಲ್ಲದವರು ಮಸಾಲೆ ಅರೆದಿಟ್ಟು ಬಂದರೆ?

ಇಲ್ಲಿ ಹಿಡಿಯುವ ಇನ್ನೊಂದು ಮೀನು ಟ್ರೌಟ್. ಅದಕ್ಕೆ ಗಾಳದ ದಾರಕ್ಕೆ ಬೆಂಡು ಕಟ್ಟಿ ಸಿಗಡಿ ಬಿಡುವುದು. ಬೆಂಡನ್ನು ಆಗಾಗ ಜಗ್ಗಿದರೆ ಗುಳುಕ್ ಅನ್ನುತ್ತದೆ, ಆ ಸದ್ದಿಗೆ ಮೀನು ಬರುತ್ತದೆ. ಇದರ ಬಾಯಿ ಕಾಗದದಷ್ಟು ಮೆದು. ನಾನು ಜೋರಾಗಿ ಎಳೆದು ಮೂರು ಕಳೆದುಕೊಂಡೆ. ಕ್ಯಾಪ್ಟನ್ ಒಮ್ಮೆಯೂ ಸಿಡುಕಲಿಲ್ಲ, ನನ್ನ ಗಾಳ ಅವರ ಟೋಪಿಗೆ ಸಿಕ್ಕಿಕೊಂಡಾಗಲೂ. ಈ ಭಾಗದಲ್ಲಿ ತಲೆಗೆ ಎರಡು, 15ರಿಂದ 19 ಇಂಚಿನದು ಇಟ್ಟುಕೊಳ್ಳಬಹುದು. ನವೆಂಬರ್, ಡಿಸೆಂಬರ್ ಪೂರ್ತಿ ಬಂದ್. ಐದು ಹಿಡಿದೆವು, ಅಳತೆಗೆ ಸರಿಬಂದದ್ದು ಎರಡು.

ಈಗ ದೂರು. ದೋಣಿಯಲ್ಲಿ ನೆರಳು ಇಲ್ಲ, ಟಾಯ್ಲೆಟ್ ಇಲ್ಲ, ಬೆನ್ನು ಒರಗಿಸುವ ಸೀಟೂ ಇಲ್ಲ. 68 ವರ್ಷದವರಿಗೆ ನಾಲ್ಕು ಗಂಟೆ ಕಷ್ಟ. ಅಪ್ಪಯ್ಯ ಕೊನೆಯ ಒಂದು ಗಂಟೆ ಐಸ್ ಬಾಕ್ಸ್ ಮೇಲೆ ಕೂತರು. ಫೋನಿನಲ್ಲೇ ಕೇಳಿ, ದೊಡ್ಡ ದೋಣಿ ಕೊಡುತ್ತಾರೆ. ಟಿಪ್ 20 ಪರ್ಸೆಂಟ್ ಅಂತ ಇಲ್ಲಿನ ರೂಢಿ, ಅಂದರೆ ಇನ್ನೂ 90 ಡಾಲರ್. ಲೈಸೆನ್ಸ್ ಬೇರೆ ಬೇಡ, ಕ್ಯಾಪ್ಟನ್‌ದೇ ನಮಗೂ ನಡೆಯುತ್ತದೆ. ಪೋಲರೈಸ್ಡ್ ಕನ್ನಡಕ ಮಾತ್ರ ಬೇಕೇ ಬೇಕು, ಅದಿಲ್ಲದಿದ್ದರೆ ನೀರೊಳಗಿನದು ಏನೂ ಕಾಣುವುದಿಲ್ಲ. ಸೊಳ್ಳೆ ಔಷಧಿಯೂ ಇರಲಿ, ಲಗೂನ್‌ಗೆ ಆ ಹೆಸರು ಸುಮ್ನೆ ಬಂದದ್ದಲ್ಲ.

ದಡಕ್ಕೆ ಬಂದಮೇಲೆ ಕ್ಯಾಪ್ಟನ್ ಚೂರಿ ತೆಗೆದು ಫಿಲೆ ಮಾಡಿಕೊಡಲಾ ಅಂದರು. ತಲೆ, ಮುಳ್ಳು ಎಸೆಯುತ್ತಾರೆ ಅಂತ ತಿಳಿದ ಅಪ್ಪಯ್ಯ ಮೀನಿನ ಚೀಲವನ್ನೇ ಎದೆಗೆ ಒತ್ತಿಕೊಂಡರು. ಇಡೀ ಮೀನು, ಐಸ್ ಜೊತೆ ಮನೆಗೆ. ಒಂದರ ಮಾಂಸದಲ್ಲಿ ಬಿಳಿ ದಾರದಂಥ ಹುಳ ಇತ್ತು. ಟ್ರೌಟ್‌ನಲ್ಲಿ ಅದು ಮಾಮೂಲು, ಮನುಷ್ಯರಿಗೆ ತೊಂದರೆ ಇಲ್ಲ ಅಂತ ಕ್ಯಾಪ್ಟನ್ ಮೊದಲೇ ಹೇಳಿದ್ದರು. ಚೂರಿಯ ತುದಿಯಲ್ಲಿ ಎಳೆದು ಹಾಕಿದೆವು.

ಟ್ರೌಟ್ ಅಂತ ಹೆಸರಿದ್ದರೂ ಇದಕ್ಕೂ ಬೆಟ್ಟದ ಹೊಳೆಗಳ ಟ್ರೌಟ್‌ಗೂ ಸಂಬಂಧ ಇಲ್ಲ, ಇದೂ ರೆಡ್‌ಫಿಶ್ಶೂ ಒಂದೇ ಕುಟುಂಬ, ನಮ್ಮ ಕಡೆಯ ಕಲ್ಲೂರು ಮೀನಿನದ್ದು ಅಂತ ದಾರಿಯುದ್ದಕ್ಕೂ ಹೇಳಿದ್ದೆ. ಅಪ್ಪಯ್ಯ "ಹೂಂ" ಅಂದಿದ್ದರು, ಅಷ್ಟೇ. ರಾತ್ರಿ ಮೀನು ಸಾರಿನ ತಲೆ ಚೀಪುತ್ತಾ ಬಾಯಿಯಿಂದ ಏನೋ ತೆಗೆದು ತಟ್ಟೆಯ ಅಂಚಿಗೆ ಇಟ್ಟರು. ಬಿಳಿ ಕಲ್ಲು. ಇನ್ನೊಂದು ಬದಿಯಿಂದ ಇನ್ನೊಂದು. ಎರಡನ್ನೂ ತೊಳೆದು ಕೈಯಲ್ಲಿಟ್ಟು ನೋಡಿದರು.

"ತಲಿಯಗೆ ಕಲ್ ಇತ್ತ್. ಹಂಗಾರ್ ಇದ್ ಕಲ್ಲೂರೇ ಸೈ."

ಆ ಎರಡು ಕಲ್ಲು ಈಗ ಅವರ ಪಾಸ್‌ಪೋರ್ಟ್ ಇಡುವ ಚೀಲದಲ್ಲಿವೆ.