ಚೌಕದ ಮನೆ, ಸರದಿಯ ನಡೆ: ಕೋಥ್ರೂಡ್‌ನ ಆಟ ವಿನ್ಯಾಸ ಕಾರ್ಯಾಗಾರ

ಪುಣೆಯ ಕೋಥ್ರೂಡ್‌ನಲ್ಲಿ, ವನಾಜ್ ಮೆಟ್ರೊ ನಿಲ್ದಾಣದಿಂದ ನಡೆದೇ ತಲುಪಬಹುದಾದ ಕಡೆ, ಶನಿವಾರ ಮತ್ತು ಭಾನುವಾರ ನಡೆಯುವ ಆಟ ವಿನ್ಯಾಸದ ಕಾರ್ಯಾಗಾರವೊಂದರ ಬಗ್ಗೆ ಇಲ್ಲಿಯ ಕನ್ನಡಿಗರಲ್ಲಿ ಹಲವರು ವಿಚಾರಿಸುತ್ತಿರುವುದರಿಂದ ಈ ವಿಮರ್ಶೆ ಬರೆಯುತ್ತಿದ್ದೇನೆ. ಚೌಕದ ಮನೆಗಳ ಮೇಲೆ ಸರದಿಯಂತೆ ಕಾಯಿ ನಡೆಸುವ ಆಟಗಳನ್ನು ರೂಪಿಸುವುದಷ್ಟೇ ಇಲ್ಲಿಯ ವಿಷಯ. ಪಾಠ ಇಂಗ್ಲಿಷಿನಲ್ಲಿ, ಚರ್ಚೆ ಬಹುಪಾಲು ಮರಾಠಿಯಲ್ಲಿ.

ಮೊದಲ ದಿನ ಕಂಪ್ಯೂಟರ್ ಮುಟ್ಟಲು ಬಿಡುವುದಿಲ್ಲ. ಚೌಕುಳಿ ಕಾಗದ ಮತ್ತು ಅಂಗಿಯ ಗುಂಡಿಗಳನ್ನು ಕೊಟ್ಟು, ಕಾಯಿ ಓರೆಯಾಗಿ ನಡೆಯಬಹುದೇ ಎಂಬ ಒಂದೇ ಪ್ರಶ್ನೆಯ ಮೇಲೆ ಅರ್ಧ ದಿನ ಕೂರಿಸುತ್ತಾರೆ. ಮೂರು ಹೆಜ್ಜೆ ಇಡಬಲ್ಲ ಕಾಯಿ ನಾಲ್ಕು ದಿಕ್ಕಿಗೆ ಮಾತ್ರ ಚಲಿಸಿದರೆ ಅಡೆತಡೆಯಿಲ್ಲದ ಹಾಸಿನಲ್ಲಿ 24 ಮನೆಗಳನ್ನು ಮುಟ್ಟುತ್ತದೆ. ಓರೆ ನಡೆಯನ್ನೂ ಒಂದೇ ಹೆಜ್ಜೆಯೆಂದು ಎಣಿಸಿದರೆ 48 ಮನೆಗಳನ್ನು, ಷಟ್ಕೋನದ ಹಾಸಾದರೆ 36 ಮನೆಗಳನ್ನು. ಗುಂಡಿ ಸರಿಸುತ್ತಾ ಬೆರಳಿಟ್ಟು ಎಣಿಸಿದಾಗ, ಓರೆ ನಡೆಗೆ ಅನುಮತಿ ಕೊಟ್ಟೊಡನೆ ಓಡಿಹೋಗುವವನಿಗೆ ಎಷ್ಟು ಅನುಕೂಲವಾಗುತ್ತದೆ, ದಾರಿಗೆ ಅಡ್ಡ ನಿಲ್ಲುವವನ ಬಲ ಎಷ್ಟು ಕುಗ್ಗುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ. ಓರೆ ದೂರ ನಿಜಕ್ಕೂ ಸುಮಾರು 1.41 ಪಟ್ಟು ಇರುವುದರಿಂದ, ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ಪಾತ್ರ ವಹಿಸಿ ಆಡುವ ಮೇಜಿನಾಟದ ಮೂರನೇ ಆವೃತ್ತಿ ಒಂದು ಓರೆ ನಡೆಗೆ ಒಂದು, ಮುಂದಿನದಕ್ಕೆ ಎರಡು ಎಂದು ಲೆಕ್ಕ ಹಿಡಿದದ್ದನ್ನೂ ಇಲ್ಲಿ ಆಡಿಸಿ ತೋರಿಸಿದರು. ಲೆಕ್ಕ ಸರಿ, ಆಡುವವನಿಗೆ ಮಾತ್ರ ತಲೆನೋವು.

ಸಂಜೆಯ ಪಾಠ 2018ರ ‘ಇನ್‌ಟು ದ ಬ್ರೀಚ್’ ಕಂಪ್ಯೂಟರ್ ಆಟದ ಮೇಲಿತ್ತು. ಎಂಟಕ್ಕೆ ಎಂಟರ ಆ ಪುಟ್ಟ ಹಾಸಿನಲ್ಲಿ ಶತ್ರು ಎಲ್ಲಿ ಹೊಡೆಯಲಿದ್ದಾನೆ ಎಂಬುದು ನಮ್ಮ ಸರದಿಗೆ ಮೊದಲೇ ಕಾಣುವುದರಿಂದ, ಕೊಲ್ಲುವುದಕ್ಕಿಂತ ಅವನನ್ನು ಒಂದು ಮನೆ ಪಕ್ಕಕ್ಕೆ ತಳ್ಳುವುದೇ ಹಲವು ಸಲ ಜಾಣತನವಾಗುತ್ತದೆ. ಅದೃಷ್ಟದ ಪಾಲು ತಗ್ಗಿದಷ್ಟೂ ಒಂದೊಂದು ಮನೆಗೂ ಬೆಲೆ ಏರುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ಬಿಡಿಸಿಟ್ಟ ಪಾಠವನ್ನು ನಾನು ಬೇರೆಲ್ಲೂ ಕೇಳಿಲ್ಲ. ನಮ್ಮ ಚೌಕಾಬಾರ, ಹುಲಿ-ಕುರಿ ಆಟಗಳ ಪ್ರಸ್ತಾಪ ಬಂದೀತೆಂದು ಕಾದೆ, ಬರಲಿಲ್ಲ. ಒಂದು ಕವಡೆಯ ಆಟ, ಇನ್ನೊಂದು ಕವಡೆಯಿಲ್ಲದ ಆಟ, ಪಕ್ಕಪಕ್ಕದಲ್ಲಿಟ್ಟರೆ ಇದೇ ಮಾತಿಗೆ ಒಳ್ಳೆಯ ಉದಾಹರಣೆಯಾಗುತ್ತಿತ್ತು.

ಎರಡನೆಯ ದಿನ ಅವಸರದ್ದು. ಶತ್ರುವಿಗೆ ದಾರಿ ಹುಡುಕಿಕೊಡುವ, 1968ರಿಂದ ಬಳಕೆಯಲ್ಲಿರುವ ಎ-ಸ್ಟಾರ್ ವಿಧಾನವನ್ನು ಸಿದ್ಧ ಕೋಡ್ ಆಗಿ ಅಂಟಿಸಿಕೊಳ್ಳಲು ಹೇಳಿ ಮುಂದೆ ಸಾಗಿಬಿಟ್ಟರು. ಆ ಕೋಡ್ ಉಳಿದ ದೂರವನ್ನು ಅಡ್ಡ ಮನೆಗಳು ಮತ್ತು ಉದ್ದ ಮನೆಗಳ ಮೊತ್ತವಾಗಿ ಅಂದಾಜಿಸುತ್ತಿತ್ತು. ನಾಲ್ಕು ದಿಕ್ಕಿನ ಆಟಕ್ಕೆ ಅದು ಸರಿಯಾದರೂ, ಓರೆ ನಡೆಗೆ ಒಂದೇ ಬೆಲೆಯಿಟ್ಟ ಆಟದಲ್ಲಿ ಅಂದಾಜು ನಿಜಕ್ಕಿಂತ ಹೆಚ್ಚಾಗಿ, ಅತಿ ಹತ್ತಿರದ ದಾರಿಯೇ ಸಿಗುವುದೆಂಬ ಖಾತರಿ ಉಳಿಯುವುದಿಲ್ಲ. ಪಕ್ಕದಲ್ಲಿ ಕುಳಿತಿದ್ದ ಧಾರವಾಡದ ಹುಡುಗನ ಪರದೆಯಲ್ಲಿ ಶತ್ರು ಗೋಡೆಯನ್ನು ಬಳಸಿಕೊಂಡು ಸುತ್ತಿ ಬರುತ್ತಿದ್ದ. ‘ಸರ್, ಇವಾ ಯಾಕ ಹಿಂಗ ಸುತ್ತಾಕತ್ತಾನ್ರಿ?’ ಎಂದು ಅವನು ನನ್ನನ್ನು ಕೇಳಿದನೇ ಹೊರತು ಕಲಿಸುವವರನ್ನು ಕೇಳಲು ಸಮಯವಿರಲಿಲ್ಲ. ಮೊದಲ ದಿನ ಅಷ್ಟು ಜತನದಿಂದ ಕಟ್ಟಿದ್ದ ಓರೆ ನಡೆಯ ಪಾಠಕ್ಕೂ ಇದಕ್ಕೂ ನೇರ ನಂಟಿತ್ತು, ಅದನ್ನು ಯಾರೂ ಹೇಳಲಿಲ್ಲ.

ಪ್ರೋಗ್ರಾಮಿಂಗ್ ಬಲ್ಲವರಿಗೆ ಮೊದಲ ದಿನವೊಂದೇ ಸಾಕು. ಆದರೆ ಎರಡೂ ದಿನಗಳ ಶುಲ್ಕವನ್ನು ಒಟ್ಟಿಗೇ ಕಟ್ಟಬೇಕು.